ಕೊನೆಯ ದಾಳಿ ಮುಗಿಯೋತನಕ ಆಟ ಮುಗಿದಿಲ್ಲ!

ಜತ್ತ: ಒಂದೇ ಅಂಕದ ಅಂತರ, ಕೊನೆಯ ನಿಮಿಷ. ಅಂಕಣದ ಒಂದು ಕಡೆಯಿಂದ ‘ಟೈಮ್ ಆತ್ರೀ, ಸೀಟಿ ಹೊಡೀರಿ’ ಎಂಬ ಕೂಗು. ಇನ್ನೊಂದು ಕಡೆಯಿಂದ ‘ಇನ್ನೂ ಐತ್ರೀ, ಆಡಸ್ರೀ’ ಎಂಬ ಗದ್ದಲ. ಜತ್ತ ತಾಲೂಕಿನ ಉಮದಿ, ಸಂಖ ಭಾಗದ ಕನ್ನಡ ಹಳ್ಳಿಗಳಲ್ಲಿ ಜಾತ್ರೆ, ಗಣೇಶೋತ್ಸವದ ಕಬಡ್ಡಿ ನೋಡಿದವರಿಗೆ ಇದು ಹೊಸದೇನಲ್ಲ. ಎಷ್ಟೋ ಸಲ ಜಗಳ ಹತ್ತುವುದು ಹಿಡಿತದ ಮೇಲಲ್ಲ, ಗಡಿಯಾರದ ಮೇಲೆ.

ಹಾಗಾದರೆ ಗಡಿಯಾರ ಯಾರ ಕೈಯಲ್ಲಿರಬೇಕು? ನಿಯಮದ ಪ್ರಕಾರ ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರುತ್ತಾರೆ. ಮರಾಠಿ ರೂಢಿಯಲ್ಲಿ ರೆಫರಿಗೆ ಸರಪಂಚ, ಅಂಪೈರ್‌ಗೆ ಪಂಚ, ಸ್ಕೋರರ್‌ಗೆ ಗುಣಲೇಖಕ ಎನ್ನುತ್ತಾರೆ. ಊರ ಸರಪಂಚರಿಗೂ ಈ ಸರಪಂಚರಿಗೂ ಸಂಬಂಧವಿಲ್ಲ! ಪ್ರತಿ ಅವಧಿ ಶುರುವಾದ ಮತ್ತು ಮುಗಿದ ವೇಳೆ ಬರೆದಿಡುವುದು ಗುಣಲೇಖಕರ ಕೆಲಸ. ಕೊನೆಯ ಮಾತು ಮಾತ್ರ ರೆಫರಿಯದು.

ನಿಂತ ವೇಳೆ ವಾಪಸ್ ಕೊಡಬೇಕು

ಪುರುಷರ ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಒಂದು ದಾಳಿಗೆ 30 ಸೆಕೆಂಡ್. ಪ್ರತಿ ಅವಧಿಯಲ್ಲಿ ಒಂದು ತಂಡಕ್ಕೆ 30 ಸೆಕೆಂಡಿನ ಎರಡು ಟೈಮ್‌ಔಟ್. ಇದಲ್ಲದೆ ಆಟಗಾರ ಗಾಯಗೊಂಡರೆ, ಹೊರಗಿನವರು ಒಳಗೆ ನುಗ್ಗಿದರೆ, ಅಳಿಸಿದ ಗೆರೆ ಮತ್ತೆ ಹಾಕಬೇಕಾದರೆ ರೆಫರಿ ಇಲ್ಲವೆ ಅಂಪೈರ್ ಆಟ ನಿಲ್ಲಿಸಬಹುದು. ಹೀಗೆ ಹೋದ ವೇಳೆಯನ್ನು ಆಟಕ್ಕೆ ಮತ್ತೆ ಸೇರಿಸಲೇಬೇಕು. ಮಣ್ಣಿನ ಅಂಕಣದಲ್ಲಿ ಸುಣ್ಣದ ಗೆರೆ ಅಳಿಸುವುದು ಸಾಮಾನ್ಯ. ಕೈಗಡಿಯಾರ ನೋಡಿ ಆಡಿಸಿದರೆ ಈ ಲೆಕ್ಕ ತಪ್ಪುವುದೂ ಸಾಮಾನ್ಯ.

ಇನ್ನೊಂದು ನಿಯಮ ಪ್ರೇಕ್ಷಕರಲ್ಲಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ದಾಳಿ ನಡೆದಾಗಲೇ ಅವಧಿ ಮುಗಿದರೆ ಆಟ ಅಲ್ಲಿಗೇ ನಿಲ್ಲುವುದಿಲ್ಲ. ಆ ಕೊನೆಯ ದಾಳಿ ಪೂರ್ತಿ ಆಗಲು ಬಿಡಬೇಕು. ಅದರಲ್ಲಿ ಬಂದ ಅಂಕವೂ ಲೆಕ್ಕಕ್ಕೆ. ‘ಟೈಮ್ ಆದ ಮ್ಯಾಲೆ ಪಾಯಿಂಟ್ ಹೆಂಗ ಕೊಟ್ರಿ’ ಎಂದು ಪಂಚರ ಮೇಲೆ ಏರಿ ಹೋಗುವವರು ಇದನ್ನು ತಿಳಿದಿರಬೇಕು.

ಒಲಿಂಪಿಕ್ಸ್‌ನಲ್ಲೂ ಇದೇ ಜಗಳ

ಗಡಿಯಾರದ ತಕರಾರು ಹಳ್ಳಿಗಷ್ಟೇ ಸೀಮಿತವಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಅಮೆರಿಕ 50-49ರಿಂದ ಮುಂದಿತ್ತು. ಉಳಿದಿದ್ದು 3 ಸೆಕೆಂಡ್. ಗಡಿಯಾರದ ಗೊಂದಲದಿಂದ ಅದೇ 3 ಸೆಕೆಂಡನ್ನು ಮತ್ತೆ ಮತ್ತೆ ಆಡಿಸಲಾಯಿತು. ಕೊನೆಗೆ ಸೋವಿಯತ್ ತಂಡ 51-50ರಿಂದ ಗೆದ್ದಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಸ್ವೀಕರಿಸಲಿಲ್ಲ.

ಮಕ್ಕಳ ನೌಕರಿಯ ಪ್ರಶ್ನೆ

ಜಾತ್ರೆಯ ಪಂದ್ಯದಲ್ಲಿ ಹೋಗುವುದು ಇನಾಮು ಮಾತ್ರ. ಶಾಲಾ ಕ್ರೀಡಾಕೂಟದ ಮಾತು ಬೇರೆ. ಅಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಮಹಾರಾಷ್ಟ್ರ ಸರ್ಕಾರಿ ನೌಕರಿಯಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ಮಳೆ ನೆಚ್ಚಿ ಒಕ್ಕಲುತನ ಮಾಡುವ ಜತ್ತ ಭಾಗದ ಮನೆಗಳಿಗೆ ಇದು ಸಣ್ಣ ಮಾತಲ್ಲ. ತಾಲೂಕು ಮಟ್ಟದಲ್ಲಿ ಅರ್ಧ ನಿಮಿಷ ಮೊದಲೇ ಸೀಟಿ ಊದಿದರೆ ಒಂದು ತಂಡದ ಹುಡುಗ, ಹುಡುಗಿಯರಿಗೆ ಆ ವರ್ಷದ ದಾರಿ ಅಲ್ಲಿಗೇ ಮುಚ್ಚುತ್ತದೆ.

ಇದಕ್ಕೆ ದೊಡ್ಡ ಖರ್ಚಿನ ಉಪಾಯವೇನೂ ಬೇಡ. ಗುಣಲೇಖಕರ ಮೇಜಿನ ಮೇಲೆ ಎರಡು ಸ್ಟಾಪ್‌ವಾಚ್ ಇರಲಿ, ಒಂದು ಅವಧಿಗೆ, ಇನ್ನೊಂದು ದಾಳಿಗೆ. ಆಟ ನಿಂತಾಗಲೆಲ್ಲ ಉಳಿದ ವೇಳೆಯನ್ನು ಮೈಕಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಹೇಳಲಿ. ಎರಡೂ ಕಡೆಯವರಿಗೆ ವೇಳೆ ಗೊತ್ತಿದ್ದರೆ ಅರ್ಧ ತಂಟೆ ಅಲ್ಲೇ ಮುಗಿಯುತ್ತದೆ.