ರಫ್ತಿಗೆಂದು ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ನ್ಯಾಟ್ ಯುದ್ಧವಿಮಾನ

ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಹೌರಾ, ಪೂರ್ವ ದಂಡೆಯಲ್ಲಿ ಅಂದಿನ ಕಲ್ಕತ್ತಾ. 1971ರಲ್ಲಿ ಈ ಎರಡೂ ನಗರಗಳು ಪೂರ್ವ ಪಾಕಿಸ್ತಾನದ ಗಡಿಯಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದ್ದವು. ಜೆಟ್ ವಿಮಾನಕ್ಕೆ ಇದು ಕೆಲವೇ ನಿಮಿಷಗಳ ಹಾದಿ. ಇಂತಹ ಪ್ರದೇಶದ ರಕ್ಷಣೆಗೆ ಕ್ಷಣಾರ್ಧದಲ್ಲಿ ಮೇಲೇರಬಲ್ಲ ವಿಮಾನ ಅವಶ್ಯವಾಗಿತ್ತು. ಆ ಹೊಣೆ ಹೊತ್ತು ದಂ ದಂ ನಿಲ್ದಾಣದಲ್ಲಿ ಸನ್ನದ್ಧವಾಗಿದ್ದುದು ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ. ನ್ಯಾಟ್ ಎಂದರೆ ಗುಂಗುರು.

1950ರ ದಶಕದಲ್ಲಿ ಯುದ್ಧವಿಮಾನಗಳ ತೂಕ ಮತ್ತು ಬೆಲೆ ಒಂದೇ ಸಮನೆ ಏರುತ್ತಿದ್ದವು. ಹಗುರವಾದ, ಅಗ್ಗವಾದ ವಿಮಾನವನ್ನು ಹೆಚ್ಚು ಸಂಖ್ಯೆಯಲ್ಲಿ ನಿರ್ಮಿಸುವುದೇ ಮೇಲೆಂಬುದು ಬ್ರಿಟಿಷ್ ವಿನ್ಯಾಸಕಾರ ಪೆಟ್ಟರ್ ಅವರ ವಾದ. ಫೋಲೆಂಡ್ ಕಂಪನಿಯು ಸ್ವಂತ ವೆಚ್ಚದಲ್ಲಿ ನಿರ್ಮಿಸಿದ ನ್ಯಾಟ್ 1955ರ ಜುಲೈಯಲ್ಲಿ ಮೊದಲ ಬಾರಿ ಹಾರಿತು. ಅದರ ಉದ್ದ ಸುಮಾರು 9 ಮೀಟರ್. ರೆಕ್ಕೆಗಳ ಹರವು 7 ಮೀಟರಿಗಿಂತ ಕಡಿಮೆ. ತೂಕ ಉಳಿಸಲು ಚಕ್ರಗಳ ಮುಚ್ಚಳಗಳನ್ನೇ ಗಾಳಿತಡೆಗಳಾಗಿಯೂ ಬಳಸಲಾಗಿತ್ತು. ಆದರೆ ಬ್ರಿಟನ್ನಿನ ವಾಯುಪಡೆ ಇದನ್ನು ತರಬೇತಿ ವಿಮಾನವಾಗಿ ಮಾತ್ರ ಸ್ವೀಕರಿಸಿತು. ಯುದ್ಧವಿಮಾನವಾಗಿ ಕೊಂಡ ದೇಶಗಳು ಫಿನ್‌ಲೆಂಡ್, ಯುಗೋಸ್ಲಾವಿಯಾ ಮತ್ತು ಭಾರತ.

1956ರ ಒಪ್ಪಂದದಲ್ಲಿ ಭಾರತವು ವಿಮಾನಗಳೊಡನೆ ಅವುಗಳನ್ನು ತಯಾರಿಸುವ ಪರವಾನಗಿಯನ್ನೂ ಪಡೆಯಿತು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಮೊದಲು ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸಲಾಯಿತು. 1962ರ ವೇಳೆಗೆ ಇಡೀ ವಿಮಾನವೇ ಅಲ್ಲಿ ತಯಾರಾಯಿತು. ಆರ್ಫಿಯಸ್ ಎಂಜಿನ್ ಸಹ ಬೆಂಗಳೂರಿನಲ್ಲೇ ನಿರ್ಮಾಣಗೊಂಡಿತು. ಒಟ್ಟು ಇನ್ನೂರಕ್ಕೂ ಹೆಚ್ಚು ನ್ಯಾಟ್‌ಗಳು ಇಲ್ಲಿಂದ ಹೊರಬಂದವು.

1971ರ ನವೆಂಬರ್ 22ರಂದು ಪಾಕಿಸ್ತಾನದ ಸೇಬರ್ ವಿಮಾನಗಳು ಬೊಯ್ರಾ ಪ್ರದೇಶದಲ್ಲಿ ದಾಳಿ ನಡೆಸಿದಾಗ ದಂ ದಂನಿಂದ ನಾಲ್ಕು ನ್ಯಾಟ್‌ಗಳು ಮೇಲೇರಿದವು. ಕೆಲವೇ ನಿಮಿಷಗಳ ಕಾದಾಟದಲ್ಲಿ ಎರಡು ಸೇಬರ್‌ಗಳು ಧರೆಗುರುಳಿದವು. ಅವುಗಳ ಚಾಲಕರು ಸೆರೆಸಿಕ್ಕರು. ನಾಲ್ಕೂ ನ್ಯಾಟ್‌ಗಳು ಸುರಕ್ಷಿತವಾಗಿ ಮರಳಿದವು. ಮ್ಯಾಸಿ, ಗಣಪತಿ ಮತ್ತು ಲಾಜರಸ್ ಅವರಿಗೆ ವೀರ ಚಕ್ರ ಸಂದಿತು. ಅದೇ ಡಿಸೆಂಬರ್ 14ರಂದು ಶ್ರೀನಗರದ ರಕ್ಷಣೆಯಲ್ಲಿ ನ್ಯಾಟ್ ಚಲಾಯಿಸುತ್ತ ಪ್ರಾಣಾರ್ಪಣೆ ಮಾಡಿದ ನಿರ್ಮಲಜಿತ್ ಸಿಂಗ್ ಸೆಖೋನ್ ಅವರಿಗೆ ಮರಣೋತ್ತರವಾಗಿ ಪರಮ ವೀರ ಚಕ್ರ ನೀಡಲಾಯಿತು.

ಆದರೂ ನ್ಯಾಟ್ ದೋಷರಹಿತವಾಗಿರಲಿಲ್ಲ. ಅದರ ಹೈಡ್ರಾಲಿಕ್ ಮತ್ತು ನಿಯಂತ್ರಣ ವ್ಯವಸ್ಥೆಗಳು ಚಾಲಕರನ್ನು ಕಾಡಿದವು. ಫಿರಂಗಿಗಳು ಕೆಲವೊಮ್ಮೆ ಕಚ್ಚಿಕೊಳ್ಳುತ್ತಿದ್ದವು. ಇಂತಹ ಕೊರತೆಗಳು ಚಾಲಕನ ಪ್ರಾಣಕ್ಕೇ ಎರವಾಗಬಲ್ಲವು. ಅವುಗಳ ನಿವಾರಣೆಗೆ ಮಾರಾಟಗಾರನನ್ನೇ ನೆಚ್ಚಿ ಕೂರದೆ ಬೆಂಗಳೂರಿನ ತಂತ್ರಜ್ಞರು ವಿನ್ಯಾಸವನ್ನೇ ಸುಧಾರಿಸಿದರು. ರೆಕ್ಕೆಗಳೊಳಗೆ ಇಂಧನ ತುಂಬುವ ಏರ್ಪಾಟಿನಿಂದ ರೆಕ್ಕೆಗಳಡಿಯಲ್ಲಿ ಶಸ್ತ್ರಾಸ್ತ್ರಗಳಿಗೆ ಸ್ಥಳ ದೊರೆಯಿತು. ‘ಅಜೀತ್’ ಎಂಬ ಹೆಸರಿನ ಈ ಸುಧಾರಿತ ವಿಮಾನವು 1991ರವರೆಗೆ ಸೇವೆ ಸಲ್ಲಿಸಿತು.

ಮುಂದೆ ಇದೇ ಬೆಂಗಳೂರಿನಲ್ಲಿ ರೂಪುಗೊಂಡ ಹಗುರ ಯುದ್ಧವಿಮಾನ ತೇಜಸ್ 2001ರಲ್ಲಿ ಮೊದಲ ಬಾರಿ ಹಾರಿ, 2016ರಲ್ಲಿ ವಾಯುಪಡೆಯನ್ನು ಸೇರಿತು. ಅದನ್ನು ವಿದೇಶಗಳಿಗೆ ಮಾರುವ ಪ್ರಯತ್ನಗಳೂ ನಡೆದವು. 2023ರಲ್ಲಿ ಮಲೇಷ್ಯಾ ದಕ್ಷಿಣ ಕೊರಿಯಾದ ವಿಮಾನವನ್ನು ಆರಿಸಿಕೊಂಡಿತು. ಒಮ್ಮೆ ಕೊಳ್ಳುವವನಾಗಿದ್ದ ಭಾರತ ಈಗ ಮಾರುವವನ ಸ್ಥಾನದಲ್ಲಿ ನಿಂತಿದೆ. ಬೆಲೆ ಎಷ್ಟು ಎಂಬುದು ಕೊಳ್ಳುವವನ ಮೊದಲ ಪ್ರಶ್ನೆ ಮಾತ್ರ. ಕೆಟ್ಟರೆ ಸರಿಪಡಿಸುವ ವಿದ್ಯೆಯನ್ನೂ ಕೊಡುವಿರಾ ಎಂಬುದು ಎರಡನೆಯದು. ಆ ಎರಡನೆಯ ಪ್ರಶ್ನೆಯ ಮಹತ್ವವನ್ನು ಭಾರತಕ್ಕೆ ಮನಗಾಣಿಸಿದುದು ನ್ಯಾಟ್.