ತಾಳ ಉಳಿಯಿತು, ಹಾಡು?

ನವರಾತ್ರಿ ಬಂತೆಂದರೆ ಮಂಗಳೂರಿನ ಪಂಪ್‌ವೆಲ್ ವೃತ್ತದ ವಾಹನಗಳ ಗದ್ದಲವನ್ನೂ ಮೀರಿ ತಾಸೆಯ ಸದ್ದು ಕೇಳುತ್ತದೆ. ಪಿಲಿವೇಷ ಬಂತು! ಮಕ್ಕಳ ಕಾಲು ತಾನಾಗಿಯೇ ಕುಣಿಯುತ್ತದೆ. ಹುಲಿ ಕುಣಿತಕ್ಕೆ ಮಾತು ಬೇಡ, ವಾದ್ಯವೇ ಸಾಕು. ಆದರೆ ತುಳುನಾಡಿನ ಎಷ್ಟೋ ಕುಣಿತಗಳಿಗೆ ತಾಳದಷ್ಟೇ ಹಾಡೂ ಬೇಕು.

ಆಟಿ ಕಳೆಂಜನನ್ನೇ ನೋಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ಹೊರಗೆ ಜಡಿಮಳೆ. ಹಿಂದೆಲ್ಲ ಮನೆಯ ಅಕ್ಕಿ ತಳ ಕಾಣುತ್ತಿದ್ದ, ಕಾಯಿಲೆ ಹರಡುತ್ತಿದ್ದ ಕಾಲವದು. ಆಗ ನಲಿಕೆ ಸಮುದಾಯದ ಕಲಾವಿದರು ಎಳೆಯ ತೆಂಗಿನಗರಿ ಉಟ್ಟು, ಕಾಲಿಗೆ ಗಗ್ಗರ ಕಟ್ಟಿ, ಓಲೆಕೊಡೆ ತಿರುಗಿಸುತ್ತಾ ಅಂಗಳಕ್ಕೆ ಬರುತ್ತಾರೆ. ಜೊತೆಗಾರರು ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಕಳೆಂಜನ ಪಾಡ್ದನ ಹಾಡುತ್ತಾರೆ. ಊರಿನ ಮಾರಿಯನ್ನು ಕಳೆಯುವವನು ಇವನೆಂಬ ನಂಬಿಕೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು ಕೊಟ್ಟು ಕಳುಹಿಸುತ್ತಾರೆ. ಇವನು ಯಾರು, ಏಕೆ ಬಂದ ಎಂಬುದನ್ನು ಹೇಳುವುದು ಆ ಹಾಡೇ.

ಪಾಡ್ದನವೆಂದರೆ ತುಳುವರ ಕಥನಗೀತೆ. ಪಂಪ್‌ವೆಲ್‌ಗೆ ಹತ್ತಿರದ ಕಂಕನಾಡಿ ಗರೋಡಿಯಲ್ಲಿ ಆರಾಧನೆಗೊಳ್ಳುವ ಅವಳಿ ವೀರರಾದ ಕೋಟಿ-ಚೆನ್ನಯರ ಕಥೆ ತಲೆಮಾರುಗಳನ್ನು ದಾಟಿ ಬಂದದ್ದು ಪಾಡ್ದನದಲ್ಲೇ. ದೈವದ ನೇಮದಲ್ಲೂ ಅದೇ ಹಾಡು, ನೇಜಿ ನೆಡುವ ಗದ್ದೆಯಲ್ಲೂ ಅದೇ ಹಾಡು. ಗದ್ದೆಯಲ್ಲಿ ಒಬ್ಬಾಕೆ ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುತ್ತಾರೆ. ‘ಡೆನ್ನಾನ’ದಂಥ ಸೊಲ್ಲಿಗೆ ಅರ್ಥವೇನೂ ಇಲ್ಲ. ಆದರೆ ಎಲ್ಲರ ಕೈ ಒಂದೇ ಲಯದಲ್ಲಿ ಓಡಲು ಅದು ಬೇಕು. ಮುಂದಿನ ಸಾಲು ನೆನಪಿಸಿಕೊಳ್ಳಲು, ಉಸಿರೆಳೆದುಕೊಳ್ಳಲು ಹಾಡುಗಾತಿಗೆ ಸಿಗುವ ಬಿಡುವೂ ಅದೇ.

1886ರಲ್ಲಿ ಬಾಸೆಲ್ ಮಿಷನ್‌ನ ಎ. ಮ್ಯಾನರ್ ಮಂಗಳೂರಿನಲ್ಲಿ ‘ಪಾಡ್ದನೊಳು’ ಸಂಗ್ರಹವನ್ನು ಅಚ್ಚು ಹಾಕಿಸಿದರು. ಮಾತುಗಳು ಉಳಿದವು. ಆದರೆ ಧಾಟಿ, ಉಸಿರು, ಗಗ್ಗರದ ಸದ್ದು ಪುಸ್ತಕಕ್ಕೆ ಸಿಗುವುದಿಲ್ಲವಲ್ಲ! ಇಂದು ಅಪಾಯ ಇನ್ನೊಂದು ಕಡೆಯಿಂದ. ಗದ್ದೆಗಳು ಕಡಿಮೆಯಾಗಿವೆ, ಹಾಡುವ ಅಜ್ಜಿಯರೂ ಕಡಿಮೆ. ವೇಷ, ತಾಳಗಳನ್ನು ಶಾಲೆಯ ವೇದಿಕೆಗೆ ಕೆಲವೇ ದಿನಗಳಲ್ಲಿ ಕಲಿಸಬಹುದು. ನೂರಾರು ಸಾಲಿನ ಕಥೆಯನ್ನು ಹಾಗೆ ಕಲಿಸಲಾಗದು.

ಈ ಆಟಿಯಲ್ಲಿ ಕಳೆಂಜ ಮನೆಗೆ ಬಂದರೆ ಬರೀ ಫೋಟೊ ತೆಗೆದು ಸುಮ್ಮನಾಗಬೇಡಿ. ಒಪ್ಪಿಗೆ ಕೇಳಿ, ಹಾಡು ಮುಗಿಯುವವರೆಗೆ ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ. ಅರ್ಥವಾಗದ ಪದಗಳನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದಿಡಿ. ಸಾಲು ಕಲಿಯುವುದು ಕಷ್ಟವೆನಿಸಿದರೆ ಮೊದಲು ಸೊಲ್ಲು ಸೇರಿಸಿ. ಗದ್ದೆಯಲ್ಲಿ ಮಕ್ಕಳಿಗೆ ಹಾಡು ಹತ್ತುತ್ತಿದ್ದುದೂ ಹಾಗೆಯೇ.