ಕೋಣೆಯೊಳಗಣ ಧ್ವನಿಯ ಲೆಕ್ಕ

ಬಯಲಿನಲ್ಲಿ ಧ್ವನಿಯು ದೂರ ಹೋದಂತೆ ಕ್ಷೀಣಿಸುವುದು. ದೂರವು ಇಮ್ಮಡಿಯಾದರೆ ಅದರ ತೀವ್ರತೆಯು ನಾಲ್ಕರಲ್ಲೊಂದು ಪಾಲಿಗೆ, ಅಂದರೆ 6 ಡೆಸಿಬೆಲ್ ಇಳಿಯುವುದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೊಲಗಳಲ್ಲಿ ಬದುವಿನಿಂದ ಬದುವಿಗೆ ಕೂಗಿ ಕರೆದವರೆಲ್ಲರೂ ಇದನ್ನು ಬಲ್ಲರು. ನಾಲ್ಕು ಗೋಡೆಗಳ ಒಳಗಾದರೋ ಈ ನಿಯಮವು ಪೂರ್ತಿಯಾಗಿ ಸಲ್ಲದು. ಶಿಕ್ಷಕಿಯಿಂದ ಒಂದೆರಡು ಮೊಳ ದಾಟಿದೊಡನೆ, ನೇರವಾಗಿ ಬರುವ ಧ್ವನಿಗಿಂತ ಗೋಡೆ, ನೆಲ, ಛಾವಣಿಗಳಿಗೆ ತಾಕಿ ಮರಳುವ ಧ್ವನಿಯೇ ಹೆಚ್ಚಾಗುವುದು. ಅದು ಎಲ್ಲೆಡೆಯೂ ಬಹುಮಟ್ಟಿಗೆ ಸಮನಾಗಿ ಹರಡುವುದು. ಹಾಗಿದ್ದರೂ ಹಿಂದಿನ ಸಾಲಿನ ಬಾಲಕಿಗೆ ಪಾಠವು ತಿಳಿಯದಿರುವುದೇಕೆ? ಒಂದಕ್ಷರದ ಅನುರಣನವು ಅಡಗುವ ಮೊದಲೇ ಇನ್ನೊಂದಕ್ಷರವು ಬಂದು ಅದರೊಡನೆ ಕಲಸಿಹೋಗುವುದೇ ಮುಖ್ಯ ಕಾರಣವು.

1895ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ವ್ಯಾಖ್ಯಾನಮಂದಿರವೊಂದು ಇದೇ ದೋಷದಿಂದ ನಿರುಪಯುಕ್ತವಾಗಿದ್ದಿತು. ಅದರ ಪರಿಹಾರಕ್ಕೆ ನಿಯಮಿತರಾದ ವಾಲೇಸ್ ಸಾಬಿನ್ ಎಂಬ ತರುಣ ಅಧ್ಯಾಪಕರು, ನೆರೆಯ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿಯಲ್ಲಿ ತರಿಸಿ ಹರಡಿ, ಧ್ವನಿಯು ಎಷ್ಟು ಬೇಗ ಅಡಗುವುದೆಂದು ಅಳೆದರು. ಹೀಗೆ ದೊರೆತ ಸೂತ್ರವು ಸರಳವಾದುದು: ಕೋಣೆಯ ಘನಮೀಟರುಗಳನ್ನು 0.16ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಬರುವವು. ಅಷ್ಟು ಕಾಲದಲ್ಲಿ ಧ್ವನಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುವುದು. ಒಂದು ಚದರ ಮೀಟರ್ ತೆರೆದ ಕಿಟಕಿಯೇ ಹೀರಿಕೆಯ ಮಾನ. ಅದರಿಂದ ಹೊರಬಿದ್ದ ಧ್ವನಿಯು ಮರಳದಷ್ಟೆ!

8 ಮೀಟರ್ ಉದ್ದ, 6 ಅಗಲ, 3.5 ಎತ್ತರದ ಒಂದು ವರ್ಗದ ಕೋಣೆಯನ್ನು ಊಹಿಸಿರಿ. ಗಾತ್ರವು 168 ಘನಮೀಟರ್. ಗಿಲಾವಿನ ಗೋಡೆಗಳೂ ಕಲ್ಲುನೆಲವೂ ನೂರಕ್ಕೆ ಮೂರು ಪಾಲು ಮಾತ್ರ ಹೀರುವುವೆಂದರೆ ಒಟ್ಟು ಹೀರಿಕೆಯು ಸುಮಾರು 6. ಅನುರಣನವು ನಾಲ್ಕೂವರೆ ಸೆಕೆಂಡು. ಒಬ್ಬೊಬ್ಬ ಬಾಲಕಿಯ ಹೀರಿಕೆಯು 0.4 ಎಂದೆಣಿಸಿದರೆ, ನಾಲ್ವತ್ತು ಮಂದಿ ಕುಳಿತಾಗ ಹೀರಿಕೆಯು 22 ಆಗಿ ಅನುರಣನವು 1.2 ಸೆಕೆಂಡಿಗೆ ಇಳಿಯುವುದು. ಒಂದೂವರೆ ಚದರ ಮೀಟರಿನ ನಾಲ್ಕು ಕಿಟಕಿಗಳನ್ನು ತೆರೆದರೆ ಸುಮಾರು ಒಂದು ಸೆಕೆಂಡು. ಇಂಥ ಕೋಣೆಗೆ 0.6 ಸೆಕೆಂಡು ಮೀರದಿರುವುದು ಲೇಸೆಂದು ಈಗಿನ ಶಾಸ್ತ್ರಜ್ಞರ ಮತ. ಹೀರಿಕೆಯು ಇಮ್ಮಡಿಯಾದಂತೆಲ್ಲ ಕೋಣೆಯ ಗದ್ದಲವೂ 3 ಡೆಸಿಬೆಲ್ ತಗ್ಗುವುದು.

ಆದರೆ ಈ ಲೆಕ್ಕವು ಎಲ್ಲ ಕಟ್ಟಡಗಳಿಗೂ ಒಪ್ಪದು. ವಿಜಯಪುರದ ಗೋಲಗುಂಬಜದಲ್ಲಿ ಪಿಸುಮಾತು ಸಹ ಬಾಗಿದ ಗೋಡೆಯನ್ನನುಸರಿಸಿ ಗುಮ್ಮಟದ ಎದುರುಬದಿಗೆ ಸ್ಪಷ್ಟವಾಗಿ ಮುಟ್ಟುವುದು. ಅಲ್ಲಿ ಧ್ವನಿಯು ಸಮನಾಗಿ ಹರಡದು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಶಿಕ್ಷಕಿಯು ಗಂಟಲು ಹರಿಯುವಂತೆ ಕೂಗಿದರೆ ಮಾತಿನೊಡನೆ ಅನುರಣನವೂ ಅಷ್ಟೇ ಏರುವುದು, ಮಾತು ತಿಳಿಯಾಗದು. ತೆರೆದ ಕಿಟಕಿ, ಹಿಂದಿನ ಗೋಡೆಗೆ ತುಸು ಅಂತರವಿಟ್ಟು ತೂಗಹಾಕಿದ ದಪ್ಪ ಕೌದಿ, ಇವು ಅದಕ್ಕಿಂತ ಹೆಚ್ಚು ಸಹಾಯ ಮಾಡುವವು. ಪಾಠವು ತಿಳಿಯಲಿಲ್ಲವೆಂದು ಹೇಳುವ ಮಗಳನ್ನು ಮಂದಮತಿಯೆಂದು ಗದರಿಸುವ ಮೊದಲು ತಾಯಿತಂದೆಗಳು ಅವಳು ಎಲ್ಲಿ ಕುಳಿತಿರುವಳೆಂದು ವಿಚಾರಿಸಲಿ. ದೇವರ ವಾಕ್ಯವಾಗಲಿ, ಗಣಿತವಾಗಲಿ, ಕಿವಿಗೆ ತಿಳಿಯಾಗಿ ಮುಟ್ಟಿದ ಮೇಲಲ್ಲವೇ ಮನಸ್ಸಿಗೆ ಮುಟ್ಟುವುದು?